ನೂರ ನಲವತ್ತು ವೋಲ್ಟಿನ ಫ್ರೆಂಚ್

ವಿದ್ಯುತ್ ಸರಬರಾಜು ಉಪವಿಭಾಗದ ಎಂಜಿನಿಯರ್ ಸಾಹೇಬರೇ,

ನಿಮ್ಮ ಕಚೇರಿ ಎರಡು ಸಾಲು ಬರೆದುಕೊಡಲು ಒಪ್ಪದ ಕಾರಣ ಒಬ್ಬ ಹುಡುಗಿಯ ಕೆಲಸ ಈ ಜೂನ್ ಮೂವತ್ತಕ್ಕೆ ಕೈತಪ್ಪಲಿದೆ. ಇವತ್ತು ಹದಿನಾರು. ಮೂರು ಸಲ ನಿಮ್ಮ ಕಚೇರಿಯ ಬೆಂಚಿನ ಮೇಲೆ ಕೂತು ಎದ್ದು ಬಂದಿದ್ದೇನೆ. ನಾಲ್ಕನೆಯ ಸಲ ಪತ್ರಿಕೆಯ ಮೂಲಕ ಬರುತ್ತಿದ್ದೇನೆ. ಸಾಹೇಬರು ಸೈಟಿಗೆ ಹೋಗಿದ್ದಾರೆ ಎಂದು ಇಲ್ಲಿ ನನಗೆ ಯಾರೂ ಹೇಳಲಾರರು.

ಹುಡುಗಿಯ ಹೆಸರು ಅರ್ಜೂ. ತುಮಕೂರಿನ ಬಟವಾಡಿಯಲ್ಲಿ ಸುಟ್ಟ ಪಂಪ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ವೈಂಡಿಂಗ್ ಮಾಡುವ ಖುರ್ಷಿದ್ ಪಾಷಾ ಅವರ ಮಗಳು. ಹಿರೇಹಳ್ಳಿಯ ಒಂದು ಕಾರ್ಖಾನೆ ಫ್ರಾನ್ಸಿನಿಂದ ಯಂತ್ರಗಳನ್ನು ತರಿಸಿದೆ. ಅವುಗಳ ಪುಸ್ತಕ ಓದಿ ಹೇಳಲು, ಅಲ್ಲಿಂದ ಬರುವ ಮೆಕ್ಯಾನಿಕ್‌ಗಳ ಜೊತೆ ಮಾತಾಡಲು ಅವರಿಗೆ ಒಬ್ಬರು ಬೇಕು. ಅರ್ಜೂಳನ್ನು ನೋಡಿ ಒಪ್ಪಿದರು. ಷರತ್ತು ಒಂದೇ, ಫ್ರೆಂಚ್ ಭಾಷೆಯ ಉನ್ನತ ಮಟ್ಟದ ಪರೀಕ್ಷೆ ಪಾಸಾಗಬೇಕು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ಕೆಲಸವಾದ್ದರಿಂದ ಅವಳ ಮನೆಯವರೂ ಒಪ್ಪಿದ್ದರು. ಇಂಥ ಎರಡು ಒಪ್ಪಿಗೆಗಳು ಒಟ್ಟಿಗೆ ಸಿಗುವುದು ಎಷ್ಟು ಅಪರೂಪ ಎಂಬುದು ಹೆಣ್ಣುಮಕ್ಕಳಿರುವವರಿಗೆ ಗೊತ್ತು.

ಪಾಠ ಹೇಳಿದವಳು ನಾನು. ನನ್ನ ಅರ್ಹತೆಯನ್ನೂ ಹೇಳಿಬಿಡುತ್ತೇನೆ. ಕುಣಿಗಲ್ಲಿನಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಅಂಕ ಚೆನ್ನಾಗಿ ಬರುತ್ತದೆಂದು ಕನ್ನಡ ಬಿಟ್ಟು ಫ್ರೆಂಚ್ ತೆಗೆದುಕೊಂಡವಳು. ಅದನ್ನೇ ಮುಂದುವರಿಸಿ ಡಿಪ್ಲೊಮಾ ಮಾಡಿದೆ. ಓದಬಲ್ಲೆ, ಬರೆಯಬಲ್ಲೆ. ಆ ದೇಶದವರೊಬ್ಬರು ನನ್ನೆದುರು ಕೂತು ಹತ್ತು ನಿಮಿಷ ಮಾತಾಡಿದ್ದಿಲ್ಲ. ಇಪ್ಪತ್ತು ವರ್ಷ ಕಿವಿಗೆ ಬೀಳದ ಭಾಷೆಯನ್ನು ಇನ್ನೊಬ್ಬರ ಕಿವಿಗೆ ಹಾಕುವ ಧೈರ್ಯ ನನಗೆ ಹೇಗೆ ಬಂತು ಎಂದು ಈಗ ಕೇಳಿಕೊಳ್ಳುತ್ತೇನೆ. ಆಗ ಕೇಳಿಕೊಳ್ಳಲಿಲ್ಲ.

ಗುಬ್ಬಿಯ ಹೊರಗಿರುವ ನಮ್ಮ ತೋಟದ ಮನೆಗೆ ಸೆಪ್ಟೆಂಬರಿನಿಂದ ಫೆಬ್ರವರಿಯವರೆಗೆ ವಾರಕ್ಕೆ ಮೂರು ದಿನ ಅರ್ಜೂ ಮೊದಲ ಬಸ್ಸಿಗೆ ಬರುತ್ತಿದ್ದಳು. ಏಳರಿಂದ ಎಂಟೂವರೆವರೆಗೆ ನನ್ನ ಹಳೆಯ ಟೇಪ್ ರೆಕಾರ್ಡರಿನಲ್ಲಿ ರೇಡಿಯೋ ಸಂದರ್ಶನಗಳ ಕ್ಯಾಸೆಟ್ ಕೇಳುತ್ತಿದ್ದೆವು. ಸೆಲ್ ಹಾಕುವ ಜಾಗ ತುಕ್ಕು ಹಿಡಿದಿತ್ತು, ಕರೆಂಟಿನಲ್ಲೇ ಓಡಬೇಕು. ಒಂದೆರಡು ಸಲ ಅವಳು ಸೆಟ್ಟನ್ನು ಮನೆಗೆ ಒಯ್ಯಲೇ ಎಂದು ಕೇಳಿದಳು. ಬಸ್ಸಿನಲ್ಲಿ ಬಿದ್ದು ಒಡೆದೀತೆಂದು ಕೊಡಲಿಲ್ಲ. ಕ್ಯಾಸೆಟ್ಟಿನಲ್ಲಿ ಗಡಸು ದನಿಯ ಗಂಡಸೊಬ್ಬ ಬಿಡಿಬಿಡಿಯಾಗಿ, ನಿಧಾನವಾಗಿ ಪ್ರಶ್ನೆ ಕೇಳುತ್ತಿದ್ದ. ವಿದ್ಯಾವಂತರು ಹೀಗೇ ತೂಕವಾಗಿ ಮಾತಾಡುವುದು ಎಂದು ಅವಳಿಗೆ ಹೇಳಿಕೊಟ್ಟಿದ್ದೆ.

ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಪರೀಕ್ಷೆ, ನಾನೂ ಜೊತೆಗೆ ಹೋಗಿದ್ದೆ. ಹೊರಗೆ ಬಂದವಳ ಮುಖ ಬಿಳಿಚಿಕೊಂಡಿತ್ತು. "ಅವ್ರು ಬೇರೆ ಯಾವ್ದೋ ಭಾಷೆ ಮಾತಾಡಿದ್ರು ಮಿಸ್," ಎಂದಳು. ಒಟ್ಟು ನೂರಕ್ಕೆ ಅರವತ್ತೊಂದು ಬಂತು, ಐವತ್ತು ಸಾಕಿತ್ತು. ಆದರೆ ಪ್ರತಿ ಭಾಗದಲ್ಲೂ ಇಪ್ಪತ್ತೈದಕ್ಕೆ ಕನಿಷ್ಠ ಐದು ಬೇಕು. ಕೇಳಿ ಅರ್ಥಮಾಡಿಕೊಳ್ಳುವ ಭಾಗದಲ್ಲಿ ಅವಳಿಗೆ ನಾಲ್ಕು.

ಫಲಿತಾಂಶ ಬಂದ ಮೇಲೆ ಒಂದು ಬೆಳಿಗ್ಗೆ ಪಾಷಾ ಅವರು ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದರು. ಜಗಳಕ್ಕಲ್ಲ, ಮಗಳು ಏನು ಕೇಳುತ್ತಿದ್ದಳೋ ಅದನ್ನು ತಾವೂ ಒಮ್ಮೆ ಕೇಳಬೇಕು ಎಂದರು. ಕ್ಯಾಸೆಟ್ ಹಾಕಿದೆ. ಅವರಿಗೆ ಫ್ರೆಂಚಿನ ಗಂಧವೂ ಇಲ್ಲ. ಅರ್ಧ ನಿಮಿಷ ಕೇಳಿ ತಲೆ ಎತ್ತಿದರು.

"ಇದು ಮನುಷ್ಯನ ದನಿ ಅಲ್ಲ ಮೇಡಂ. ವೋಲ್ಟೇಜ್ ಇಲ್ದೆ ತಿಣುಕ್ತಿರೋ ಮೋಟ್ರು."

ಸ್ಕೂಟರಿನ ಡಬ್ಬಿಯಿಂದ ಮೀಟರ್ ತಂದು ಪ್ಲಗ್ಗಿಗೆ ಹಿಡಿದರು. ನೂರ ನಲವತ್ತು. ತೋಟದಲ್ಲಿ ಪಂಪ್ ಓಡುತ್ತಿತ್ತು. ಒಂದು ನಿಮಿಷ ನಿಲ್ಲಿಸಲು ನನ್ನ ಯಜಮಾನರನ್ನು ಕೇಳಿಕೊಂಡರು. ಪಂಪ್ ನಿಂತಿತು, ಮುಳ್ಳು ನೂರ ಎಂಬತ್ತಕ್ಕೆ ಏರಿತು, ನಾವು ಕೇಳುತ್ತಿದ್ದಂತೆಯೇ ಕ್ಯಾಸೆಟ್ಟಿನ ದನಿ ತೆಳುವಾಗಿ ಓಡತೊಡಗಿತು.

"ಮಿಸ್, ಇವ್ರು ಹೆಂಗಸು," ಎಂದಳು ಅರ್ಜೂ.

ಆರು ತಿಂಗಳು ಗಂಡಸೆಂದುಕೊಂಡು ಕೇಳಿದ್ದೆವು, ಸಾಹೇಬರೇ. ಸೆಟ್ಟಿನೊಳಗೆ ವೇಗ ಹಿಡಿದಿಡುವ ಭಾಗವೂ ಯಾವತ್ತೋ ಕೆಟ್ಟಿತ್ತಂತೆ, ಹಾಗಾಗಿ ಕರೆಂಟು ಎಷ್ಟೋ ಓಟವೂ ಅಷ್ಟೇ. ಪಾಷಾ ಅವರು ಮೀಟರಿನ ವೈರು ಸುತ್ತಿಡುತ್ತಾ ನನ್ನ ಕಡೆ ನೋಡದೆ ಹೇಳಿದರು, "ಮೋಟ್ರು ಸುಟ್ರೆ ಮತ್ತೆ ಸುತ್ತಿ ಕೊಡ್ತೀನಿ ಮೇಡಂ. ನನ್ ಮಗಳ ಕಿವೀನ ಹೆಂಗ್ ಸುತ್ತಲಿ?"

ಈಗ ಸೆಲ್ ಹಾಕುವ ಹೊಸ ಸೆಟ್ ಬಂದಿದೆ. ಅರ್ಜೂ ಡಿಸೆಂಬರಿನಲ್ಲಿ ಮತ್ತೆ ಬರೆಯುತ್ತಾಳೆ. ಕಾರ್ಖಾನೆಯ ಮ್ಯಾನೇಜರು ನ್ಯಾಯವಂತರು. ಸಬೂಬು ಯಾರು ಬೇಕಾದರೂ ಹೇಳಬಹುದು, ಆ ತಿಂಗಳುಗಳಲ್ಲಿ ಅಲ್ಲಿ ವೋಲ್ಟೇಜ್ ಕಡಿಮೆ ಇತ್ತೆಂದು ಸಂಬಂಧಪಟ್ಟ ಕಚೇರಿಯಿಂದ ಬರೆಸಿ ತನ್ನಿ, ಡಿಸೆಂಬರಿನವರೆಗೆ ಕಾಯುತ್ತೇವೆ ಎಂದರು. ಗಡುವು ಜೂನ್ ಮೂವತ್ತು.

ನಾನು ಅರ್ಜಿ ಕೊಟ್ಟೆ. ನಿಮ್ಮ ಲೈನ್‌ಮನ್ ಅಂಜನಪ್ಪ ಮಧ್ಯಾಹ್ನ ಮೂರಕ್ಕೆ, ಪಂಪುಗಳೆಲ್ಲ ನಿಂತಿದ್ದಾಗ ಬಂದು, ಬಾಗಿಲಿನಿಂದಲೇ "ಬಲ್ಬ್ ಉರೀತೈತಲ್ಲಮ್ಮ" ಎಂದು ಹೋದರು. ಎಂಟು ದಿನಕ್ಕೆ ನಿಮ್ಮ ಸಹಿಯ ಉತ್ತರ ಬಂತು: "ಸದರಿ ಪ್ರದೇಶದಲ್ಲಿ ವಿದ್ಯುತ್ ಸರಬರಾಜು ಸಮರ್ಪಕವಾಗಿರುತ್ತದೆ. ಅರ್ಜಿಯನ್ನು ಮುಕ್ತಾಯಗೊಳಿಸಿದೆ." ಎಂಥ ಶುದ್ಧವಾದ ಕನ್ನಡ! ಬಲ್ಬ್ ಉರಿದರೆ ಸಮರ್ಪಕ ಎನ್ನುವುದಾದರೆ ಉಸಿರಾಡುತ್ತಿರುವವರೆಲ್ಲ ಆರೋಗ್ಯವಂತರೇ? ಸಮರ್ಪಕವಾಗಿದ್ದರೆ ಬಟವಾಡಿಯಲ್ಲಿ ಪಾಷಾ ಅವರ ಅಂಗಡಿ ಮುಂದೆ ಬೇಸಿಗೆಯಿಡೀ ಸುಟ್ಟ ಮೋಟಾರುಗಳು ಸಾಲುಗಟ್ಟುವುದೇಕೆ?

ನಿಮ್ಮ ಕಷ್ಟವೂ ನನಗೆ ಅರ್ಥವಾಗುತ್ತದೆ. ವೋಲ್ಟೇಜ್ ಇರಲಿಲ್ಲ ಎಂದು ಬರೆದರೆ ಏಕಿರಲಿಲ್ಲ ಎಂದು ನಿಮ್ಮ ಮೇಲಿನವರು ಕೇಳುತ್ತಾರೆ. ಅದಕ್ಕೆ ಉತ್ತರ ನಾನೇ ಕೊಡುತ್ತೇನೆ. ಮನೆಗಳ ದೀಪಕ್ಕೆಂದು ನೀವು ಸಿಂಗಲ್ ಫೇಸ್ ಬಿಡುವ ಹೊತ್ತಿನಲ್ಲಿ, ಮೂರು ಫೇಸ್ ಬೇಕಾದ ತೋಟದ ಪಂಪನ್ನು ಕನ್ವರ್ಟರ್ ಹಾಕಿ ಓಡಿಸುವುದು ಕಾನೂನುಬಾಹಿರ. ಹಾಗೆ ಓಡಿಸಿದರೆ ಎಲ್ಲರ ಮನೆಯ ವೋಲ್ಟೇಜೂ ಕುಸಿಯುತ್ತದೆ. ನಮ್ಮ ಟ್ರಾನ್ಸ್‌ಫಾರ್ಮರಿನಡಿ ಹಲವರು ಓಡಿಸುತ್ತಾರೆ. ಆ ಬೆಳಿಗ್ಗೆ ನಿಲ್ಲಿಸಿದ ನಮ್ಮ ಪಂಪೂ ಅವುಗಳಲ್ಲಿ ಒಂದು. ಒಂದು ಕೋಣೆಯಲ್ಲಿ ಕೂತು ಮಗುವಿನ ಕಿವಿ ತಿದ್ದುತ್ತಿದ್ದೆ, ಹಿತ್ತಲಲ್ಲಿ ನಮ್ಮದೇ ನೀರು ಅದನ್ನು ಕೆಡಿಸುತ್ತಿತ್ತು. ಆ ನೀರು ಕುಡಿದ ತೆಂಗಿನಕಾಯಿ ನಮ್ಮ ಸಾರಿಗೂ ಬಿದ್ದಿದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಬೆಳಿಗ್ಗೆ ಏಳು ಗಂಟೆಗೆ ಮೀಟರ್ ಹಿಡಿದು ಬನ್ನಿ. ಅದು ತೋರಿಸಿದ್ದನ್ನು, ಪಾಠದ ತಿಂಗಳುಗಳಲ್ಲೂ ಹಾಗೇ ಇತ್ತೆಂದು ಸೇರಿಸಿ, ಬರೆದುಕೊಡಿ. ತಪ್ಪು ನಿಮ್ಮ ಟ್ರಾನ್ಸ್‌ಫಾರ್ಮರಿನದಲ್ಲ, ಇಂಥ ನಂಬರಿನ ಪಂಪ್‌ಸೆಟ್ಟಿನದು ಎಂದೇ ಬರೆಯಿರಿ. ದಂಡ ಹಾಕಿ, ವೈರು ಕಿತ್ತುಹಾಕಿ. ಆದರೆ ಮೂವತ್ತರೊಳಗೆ ಬರೆಯಿರಿ.

ಈ ಪತ್ರವನ್ನು ನನ್ನ ಯಜಮಾನರಿಗೆ ಮೊದಲು ಓದಲು ಕೊಟ್ಟೆ. "ಎಲ್ಲಾರೂ ಹಾಕವ್ರೆ ಕಣೇ, ನಮ್ದೊಂದೇ ಕಿತ್ತಾಕ್ತಾರೆ," ಎಂದರು. ಹೌದು ಎಂದೆ. ಹಾಳೆಯನ್ನು ಮೊದಲಿನಿಂದ ಮತ್ತೊಮ್ಮೆ ಓದಿದರು. ಕೆಳಗಿನ ನಮ್ಮ ಪಂಪ್‌ಸೆಟ್ಟಿನ ನಂಬರಿನಲ್ಲಿ ನಾನು ಒಂದು ಅಂಕಿ ತಪ್ಪು ಬರೆದಿದ್ದೆ. ಪೆನ್ನು ಕೇಳಿ ಅವರೇ ತಿದ್ದಿದರು.

ಇಂತಿ,
ಆರು ತಿಂಗಳು ತಪ್ಪು ಕೇಳಿಸಿದ ಟೀಚರ್,
ಚೈತನ್ಯ ರಂಗನಾಥ್, ಗುಬ್ಬಿ
(ಪಂಪ್‌ಸೆಟ್ ಆರ್.ಆರ್. ನಂಬರ್: ಐ.ಪಿ. 217)