ದಿಣ್ಣೆಯ ಕೆಳಗಿನಿಂದ ಕೂಗಿದ ಮಾತು

ಮನೆಯಿಂದ,
ಸೋಮವಾರ ಸಂಜೆ

ಪ್ರೀತಿಯ ಅಣ್ಣಾ,

ಅಪ್ಪನನ್ನು ಕೊಂದದ್ದು ನೀನಲ್ಲ, ಮಾಲೀಕ. ಇಳಿಜಾರಿನಲ್ಲಿ ಮರ ಕೊಯ್ಯುವ ಸಾಮಿಲ್ಲು ಯಂತ್ರವನ್ನು ಹೇಗೆ ನಿಲ್ಲಿಸಬಾರದೋ ಹಾಗೇ ನಿಲ್ಲಿಸಿ, ಅದರ ನೆತ್ತಿಯ ಮೇಲೆ ದಿಮ್ಮಿಗಳನ್ನು ಪೇರಿಸಿ, ಕೆಳಗೆ ಅಪ್ಪನನ್ನು ನಿಲ್ಲಿಸಿದವನು ಅವನು. ಇದನ್ನು ಮೊದಲ ಸಾಲಿನಲ್ಲೇ ಬರೆದೆ, ಏಕೆಂದರೆ ನನ್ನ ಪತ್ರಗಳನ್ನು ನೀನು ಅರ್ಧಕ್ಕೇ ಮಡಿಸಿ ದಿಂಬಿನ ಕೆಳಗೆ ತಳ್ಳುತ್ತೀಯೆಂದು ನನಗೆ ಗೊತ್ತು. ಇನ್ನು ಕ್ರಮವಾಗಿ ಕೇಳುತ್ತೇನೆ. ಹೇಗಿದ್ದೀಯ? ಬೇಕರಿಯ ಒಲೆಗೆ ಸುಟ್ಟುಕೊಂಡ ಮಣಿಕಟ್ಟು ವಾಸಿಯಾಯಿತಾ? ಹಿಟ್ಟಿನ ಧೂಳಿಗೆ ಕೆಮ್ಮು ಬರುತ್ತಿರಬೇಕು, ಬಾಯಿಗೆ ಬಟ್ಟೆ ಕಟ್ಟಿಕೋ. ಮರದ ವಾಸನೆಯೇ ಬಾರದ ಕೆಲಸ ಬೇಕೆಂದು ಹುಡುಕಿಕೊಂಡು ಹೋದವನು ನೀನು, ಅಲ್ಲೂ ಒಲೆಗೆ ಸೌದೆ ಒಟ್ಟುವುದೇ ನಿನ್ನ ಪಾಲಿಗೆ ಬಂತೆಂದು ಕೇಳಿ ಅಮ್ಮ ನಗಲೂ ಇಲ್ಲ, ಅಳಲೂ ಇಲ್ಲ, ಎದ್ದು ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಅವಳ ಮಂಡಿ ಹಾಗೇ ಇದೆ. ನಾನು ಚೆನ್ನಾಗಿದ್ದೇನೆ, ಅಂದರೆ ಸಿಟ್ಟಿನಲ್ಲಿದ್ದೇನೆ. ನನ್ನ ವಿಷಯದಲ್ಲಿ ಎರಡೂ ಒಂದೇ ಎಂದು ಅಪ್ಪ ಹೇಳುತ್ತಿದ್ದ.

ಸುದ್ದಿ ಏನೆಂದರೆ, ಸಾಮಿಲ್ಲು ಮತ್ತೆ ದಿಣ್ಣೆ ಹತ್ತಿದೆ. ಅಪ್ಪ ಹೋದಂದಿನಿಂದ ಟಾರ್ಪಾಲು ಹೊದ್ದು ರಸ್ತೆ ಬದಿಯಲ್ಲಿ ನಿಂತಿದ್ದ ಯಂತ್ರವನ್ನು ಮಾಲೀಕ (ಧಣಿ ಎಂದು ನಾನಿನ್ನು ಕರೆಯುವುದಿಲ್ಲ) ಟ್ರ್ಯಾಕ್ಟರಿಗೆ ಕಟ್ಟಿಸಿ ಮೇಲಕ್ಕೆ ಎಳೆಸಿದ. ಎಲ್ಲಿಗೆ? ಅದೇ ಜಾಗಕ್ಕೆ. ತಗ್ಗಿನ ಕಡೆಯ ಕಾಲುಗಳಿಗೆ ಅದೇ ಕಲ್ಲು, ಅದೇ ತುಂಡು ಹಲಗೆಗಳ ಆಸರೆ. ನಾನೀಗ ಅಲ್ಲಿ ಕೊಯ್ದ ಹಲಗೆ ಜೋಡಿಸುವ ಕೆಲಸಕ್ಕೆ ಹೋಗುತ್ತಿದ್ದೇನೆ. ಹೌದು, ಅಮ್ಮನಿಗೂ ಇಷ್ಟವಿಲ್ಲ, ನೀನು ಆಮೇಲೆ ಬೈಯುವೆಯಂತೆ. ನಾನು ಅವನ ಮುಂದೆ ಹೋಗಿ, ಇಲ್ಲಿ ನಿಲ್ಲಿಸಕೂಡದು ಎಂದೆ. ಅಪ್ಪ ಹೋದ ಮೇಲೆ ಕಾರ್ಮಿಕರ ಸಂಘದವರಿಗೆ ಬರೆದು ತರಿಸಿಕೊಂಡ ಕಿರುಹೊತ್ತಿಗೆಯೊಂದಿದೆ, ಇಳಿಜಾರಿನಲ್ಲಿ ಮರ ಕೊಯ್ಯುವವರಿಗಾಗಿಯೇ ಬರೆದದ್ದು. ಅದನ್ನು ತೆಗೆದು ತೋರಿಸಿದೆ. ಅವನು ನಕ್ಕ. ಪುಸ್ತಕ ಓದಿ ಮರ ಕೊಯ್ಯೋದಾದ್ರೆ ಪುಸ್ತಕದಿಂದಲೇ ಕೊಯ್ಯಮ್ಮಾ, ಡೀಸೆಲಾದ್ರೂ ಉಳಿಯುತ್ತೆ ಎಂದ. ನಮ್ಮವರಲ್ಲೇ ಇಬ್ಬರು ಅವನ ಜೊತೆ ನಕ್ಕರು. ಆಗ ಎಂಜಿನ್ ಮಾವ, ಅಪ್ಪನ ಪಕ್ಕದಲ್ಲೇ ಎಂಜಿನ್ ನಡೆಸುತ್ತ ತಲೆ ನರೆಸಿಕೊಂಡವರು, ಕೈ ಒರೆಸಿಕೊಂಡು ಹೋಗಿ ಒಂದು ದಿಮ್ಮಿಯ ಮೇಲೆ ಕೂತರು. ಎಂಜಿನ್ ಹಚ್ಚಲು ಏಳಲಿಲ್ಲ. ನಕ್ಕಿದ್ದ ಇಬ್ಬರೂ ಮುಖ ಮುಖ ನೋಡಿಕೊಂಡು ಹೋಗಿ ಅವರ ಪಕ್ಕ ಕೂತರು. ಮೇಲೆ ಕಡಿದು ಹಾಕಿದ ಮರ ಬಿಸಿಲಿಗೆ ಬಿರಿಯುತ್ತಿತ್ತು, ಕೆಳಗೆ ಇವರು ಕೂತೇ ಇದ್ದರು. ಮಧ್ಯಾಹ್ನದ ಹೊತ್ತಿಗೆ ಮಾಲೀಕ, ಏನು ಬೇಕೋ ಮಾಡಿಕೊಂಡು ಸಾಯಿರಿ ಎಂದು ಬೈದು ಇಳಿದು ಹೋದ. ಸಾಯದೆ ಇರಲಿಕ್ಕೇ ಮಾಡುವುದು ಎಂದು ನಾನು ಅವನ ಬೆನ್ನಿಗೆ ಕೂಗಿದೆ. ನೀನಿದ್ದಿದ್ದರೆ ನನ್ನ ಜಡೆ ಎಳೆಯುತ್ತಿದ್ದೆ.

ನಾವು ಏನು ಮಾಡಿದೆವು ಕೇಳು. ತಗ್ಗಿಗೆ ಮಣ್ಣು ತುಂಬಿ ಮಟ್ಟ ಮಾಡಲಿಲ್ಲ, ತುಂಬಿದ ಮಣ್ಣು ಭಾರಕ್ಕೆ ಕುಸಿಯುತ್ತದೆ. ದಿಣ್ಣೆಯನ್ನೇ ಒಳಕ್ಕೆ ಕಡಿದು, ಗಟ್ಟಿ ನೆಲ ಸಿಗುವ ತನಕ ಕೆರೆದು, ಒಂದು ಅಗಲ ಮೆಟ್ಟಿಲಿನಷ್ಟು ಸಮ ಜಾಗ ಮಾಡಿದೆವು. ಯಂತ್ರದ ಹಳಿ ಈಗ ಇಳಿಜಾರಿಗೆ ಅಡ್ಡವಾಗಿ ಮಲಗಿದೆ. ಕಾಲುಗಳ ಕೆಳಗೆ ತುಂಡು ಹಲಗೆಯಲ್ಲ, ಉದ್ದನೆಯ ದಪ್ಪ ತೊಲೆಗಳಿವೆ. ದಿಮ್ಮಿಯ ರಾಶಿ ಯಂತ್ರದ ಮೇಲ್ಗಡೆ ಇಲ್ಲ, ಪಕ್ಕದಲ್ಲಿ ಅದೇ ಮಟ್ಟದಲ್ಲಿದೆ, ಹೊರಳದಂತೆ ನೆಲಕ್ಕೆ ಬಡಿದ ಗೂಟಗಳ ಹಿಂದೆ. ದಿಮ್ಮಿ ಅಲುಗಾಡುವಾಗ ತಗ್ಗಿನ ಕಡೆ ಯಾರೂ ಕಾಲಿಡುವಂತಿಲ್ಲ. ಒಂದು ದಿಮ್ಮಿ ಹತ್ತಿಸಿ, ಇಳಿಸಿ, ನೆಲ ಕೂತಿದೆಯೋ ಎಂದು ಮತ್ತೆ ರಸಮಟ್ಟ ಇಟ್ಟು ನೋಡಿದೆವು. ಗಾಜಿನೊಳಗಿನ ಗುಳ್ಳೆ ಅತ್ತ ಓಡಿ ಇತ್ತ ಓಡಿ ನಡುವೆ ಬಂದು ನಿಂತಾಗ ಎಲ್ಲರೂ ಹೋ ಎಂದರು. ನಾನು ಮಾತ್ರ ಗುದ್ದಲಿ ಹಿಡಿದುಕೊಂಡೇ ಅತ್ತೆ. ಇಷ್ಟೇನಾ ಅಣ್ಣಾ? ಗುದ್ದಲಿ, ತೊಲೆ, ಗೂಟ, ಒಂದಿಷ್ಟು ತಾಳ್ಮೆ. ಇಷ್ಟು ಮಾಡಿದ್ದರೆ ಅಪ್ಪ ಇವತ್ತು ಸಂಜೆ ಬಾಗಿಲಲ್ಲಿ ನಿಂತು ತಲೆಯ ಮೇಲಿನ ಮರದ ಹುಡಿ ಕೊಡವುತ್ತಿದ್ದ, ಅಮ್ಮ ಒಳಗಿನಿಂದ ಗೊಣಗುತ್ತಿದ್ದಳು.

ಆ ದಿನದ ವಿಷಯ ನೀನು ಯಾರಿಂದಲೂ ಪೂರ್ತಿ ಕೇಳಿಸಿಕೊಳ್ಳಲಿಲ್ಲ, ಕೇಳಿಸಿಕೊಳ್ಳುವ ಮೊದಲೇ ಊರಿನಿಂದ ಹೊರಟೆ. ಆದ್ದರಿಂದ ಬರೆಯುತ್ತೇನೆ, ಓದು. ನೀನು ಮೇಲೆ ರಾಶಿಯ ಹತ್ತಿರ ಹಾರೆ ಹಿಡಿದು ನಿಂತಿದ್ದೆ. ಸೊಟ್ಟಗೆ ಕೂತ ದಿಮ್ಮಿಯನ್ನು ನೇರ ಮಾಡಲು ಒದ್ದಾಡುತ್ತಿದ್ದೆ. ಕೆಳಗೆ ಯಂತ್ರದ ಕಾಲಿನಡಿಯ ಹಲಗೆ ಜಾರಿತ್ತು, ಯಾವಾಗಲೂ ಜಾರುತ್ತಿದ್ದ ಹಾಗೆ, ಅದನ್ನು ಒಳಕ್ಕೆ ತಳ್ಳಲು ಅಪ್ಪ ಬಗ್ಗಿದ್ದ. ಬಗ್ಗಿದ್ದವನು ಒಮ್ಮೆ ತಲೆ ಎತ್ತಿ ನಿನ್ನ ಕಡೆ ಕೂಗಿದ. ಅವನು ಕೂಗಿದ್ದು ಪೂರ್ತಿ ಹೀಗೆ, ಪಕ್ಕದಲ್ಲಿದ್ದ ಎಂಜಿನ್ ಮಾವನ ಕಿವಿಯಲ್ಲಿ ಇನ್ನೂ ಇದೆ: "ಬಿಡು ಮಗಾ, ಬಿಡು, ಬೆನ್ನು ಮುರ್ಕೋಬೇಡ, ಊಟ ಮಾಡ್ಕೊಂಡು ನೋಡೋಣ." ಎಂಜಿನ್ನಿನ ಸದ್ದಿನಲ್ಲಿ ಮೇಲಕ್ಕೆ ಬಂದದ್ದು ಮೊದಲ ಮಾತು ಮಾತ್ರ. ಸಾಕು, ಅದರ ತಂಟೆಗೆ ಹೋಗಬೇಡ ಎಂಬ ಅರ್ಥದಲ್ಲಿ ಅವನು ಹೇಳಿದ. ದಿಮ್ಮಿ ಇಳಿಸು ಎಂದು ನೀನು ಕೇಳಿದೆ. ನಮ್ಮ ಕೆಲಸದಲ್ಲಿ ದಿಮ್ಮಿ ಇಳಿಸಲು ಕೂಗುವುದೂ ಆ ಪದವನ್ನೇ ಅಲ್ಲವೇ? ದಿನವಿಡೀ ಆ ಮಾತಿಗೆ ದಿಮ್ಮಿಯನ್ನು ತಡೆದ ಬೆಣೆ ಕಿತ್ತವನು ಆಗಲೂ ಕಿತ್ತೆ, ದಿಮ್ಮಿ ಉರುಳಿ ಅಪ್ಪನ ಎದೆಗೆ ಬಡಿಯಿತು.

ಊರೆಲ್ಲ ಅದನ್ನೇ ಹೇಳುತ್ತದೆ, ಒಂದು ಮಾತು ತಪ್ಪಿ ಕೇಳಿಸಿತು, ಹಣೆಬರಹ ಎಂದು. ಮಾಲೀಕನೂ ಬಾಯಲ್ಲಿ ಲೊಚಗುಟ್ಟಿ ಅದನ್ನೇ ಹೇಳುತ್ತಾನೆ, ಅವನಿಗೆ ಅದು ಅನುಕೂಲ. ನಾನು ಒಪ್ಪುವುದಿಲ್ಲ. ಮಾತು ತಪ್ಪಿ ಕೇಳಿಸುವುದು ಎಲ್ಲ ಮನೆಯಲ್ಲೂ ಇದೆ. ಅಮ್ಮ ಉಪ್ಪು ತಾ ಎಂದರೆ ನಾನು ಸೊಪ್ಪು ತಂದವಳು, ಯಾರೂ ಸಾಯಲಿಲ್ಲ. ಒಂದು ಮಾತು ತಪ್ಪಿ ಕೇಳಿಸಿದರೆ ಸಾಯಬೇಕಾದ ಜಾಗದಲ್ಲಿ ಮನುಷ್ಯನನ್ನು ನಿಲ್ಲಿಸಿದವನದೇ ತಪ್ಪು. ಈಗ ನಾವು ಕೂಗುವುದಿಲ್ಲ, ಸೀಟಿ ಊದುತ್ತೇವೆ. ಆದರೆ ಸೀಟಿಯೂ ತಪ್ಪಿ ಕೇಳಿಸಬಹುದು, ಆಗಲೂ ದಿಮ್ಮಿ ಗೂಟಕ್ಕೆ ಬಡಿದು ನಿಲ್ಲುತ್ತದೆ, ಯಾರ ಎದೆಗೂ ಅಲ್ಲ. ಇದನ್ನೆಲ್ಲ ನಾನು ಅಮ್ಮನಿಗೆ ಓದಿ ಹೇಳಿದೆ, ಹೊತ್ತಿಗೆಯ ಪುಟ ತೆರೆದು ಬೆರಳಿಟ್ಟು ತೋರಿಸಿದೆ. ಅವಳು ಎಲ್ಲ ಕೇಳಿ, "ಸರಿ ಕಣೇ, ನಿನ್ನ ಪುಸ್ತಕದಲ್ಲಿ ಅವನು ಮನೆಗೆ ಯಾವಾಗ ಬರ್ತಾನೆ ಅಂತ ಬರೆದಿದೆಯಾ" ಎಂದಳು. ಹೊತ್ತಿಗೆ ಮುಚ್ಚಿಟ್ಟೆ. ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿರುವವಳು ನಾನು.

ನಿನಗೆ ಗೊತ್ತಿಲ್ಲದ ಇನ್ನೊಂದಿದೆ. ಅಪ್ಪ ಮೊದಲು ಕೂಗಿದ ಆ ಪದವನ್ನು ಅಮ್ಮ ಆ ದಿನದಿಂದ ಆಡುವುದಿಲ್ಲ. ಯಾವ ರೂಪದಲ್ಲೂ ಆಡುವುದಿಲ್ಲ. ಆ ಪದವಿಲ್ಲದೆ ನಮ್ಮ ಮಾತಿನಲ್ಲಿ ಒಂದು ಹೊತ್ತು ಕಳೆದು ನೋಡು, ನಾಲಿಗೆಯೇ ಕುಂಟುತ್ತದೆ. ಪಕ್ಕದ ಮನೆಯಾಕೆ ಪಾತ್ರೆ ವಾಪಸು ಕೊಡಲು ಮರೆತೆ ಎಂದರೆ ಇವಳು, ಇರಲಿ ಇರಲಿ ಎನ್ನುತ್ತಾಳೆ. ಬಸ್ಸು ಹೊರಟಿತೇ ಎಂದು ಕೇಳಲು ಇವಳ ಹತ್ತಿರ ಒಂದೇ ದಾರಿ ಉಳಿದಿದೆ. ಮೊದಮೊದಲು ನನಗೆ ನಗು ಬರುತ್ತಿತ್ತು. ಈಗ ನನಗೇ ರೂಢಿಯಾಗಿದೆ, ಈ ಪತ್ರದಲ್ಲೂ ಅಪ್ಪನ ಬಾಯಲ್ಲಿ ಬಂದ ಕಡೆ ಹೊರತು ಮತ್ತೆಲ್ಲೂ ಅದನ್ನು ಬರೆದಿಲ್ಲ, ಬೇಕಾದರೆ ಹುಡುಕು.

ಕತ್ತಲಾಗುತ್ತಿದೆ, ಅಂಚೆಯವನು ಬೆಳಿಗ್ಗೆಯೇ ಬರುತ್ತಾನೆ. ಎಂಜಿನ್ ಮಾವ ನಿನ್ನನ್ನು ಕೇಳಿದರು. ರಾಶಿಯ ಹತ್ತಿರದ ನಿನ್ನ ಜಾಗಕ್ಕೆ ಅವರು ಯಾರನ್ನೂ ಹಾಕಿಲ್ಲ. ನಿನ್ನ ಹಾರೆಗೆ ಎಣ್ಣೆ ಸವರಿ ಗೋಡೆಗೆ ಒರಗಿಸಿದ್ದೇನೆ. ಹೊಟ್ಟೆ ತುಂಬ ಉಣ್ಣು. ನಿನಗೆ ಒಳ್ಳೆಯದಾಗಲಿ ಎಂದು ಚಿಕ್ಕವಳು ಹರಸಬಾರದಂತೆ, ಆದರೂ ಹರಸುತ್ತೇನೆ.

ಇಂತಿ,
ಎಲ್ಲದಕ್ಕೂ ಭಾಷಣ ಬಿಗಿಯುವವಳೆಂದು ಅಪ್ಪ ಇಟ್ಟ ಅಡ್ಡಹೆಸರಿನ ನಿನ್ನ ತಂಗಿ,
ಕರಪತ್ರ

ತಾ.ಕ.: ಲಕೋಟೆ ಅಂಟಿಸಲು ಹೊರಟಾಗ ಅಮ್ಮ ನನ್ನ ಕೈ ಹಿಡಿದಳು. ಆಸ್ಪತ್ರೆಯಲ್ಲಿ ನೀನು ಹೊರಗೆ ಮೆಟ್ಟಿಲ ಮೇಲೆ ಕೂತು ಒಳಗೆ ಬರಲಾರೆ ಎಂದೆಯಲ್ಲ, ಆಗ ಅಪ್ಪ ಅವಳಿಗೆ ಒಂದು ಮಾತು ಹೇಳಿದ್ದನಂತೆ, ಅದೇ ಕೊನೆಯದು. "ಅವನಿಗೆ ಹೇಳು, ಬಿಡು ಅಂತ." ಪ್ರಜ್ಞೆ ತಪ್ಪುತ್ತ ದಿಣ್ಣೆಯ ಕೆಳಗಿನಿಂದಲೇ ಇನ್ನೂ ಕೂಗುತ್ತಿದ್ದಾನೋ, ಮಗನೇ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಎನ್ನುತ್ತಿದ್ದಾನೋ ಅವಳಿಗೆ ಗೊತ್ತಾಗಲಿಲ್ಲವಂತೆ. ಮತ್ತೊಮ್ಮೆ ನಿನ್ನ ಕಿವಿಗೆ ತಪ್ಪಾಗಿ ಬಿದ್ದರೆ ಎಂದು ಹೆದರಿ ಇಷ್ಟು ದಿನ ನುಂಗಿಕೊಂಡಿದ್ದಾಳೆ. ನಾನು ಹೇಳಿದೆ, ದಿಮ್ಮಿಯ ಹತ್ತಿರ ನಿಂತವನಿಗೆ ಕೂಗುವವನು 'ಅವನಿಗೆ ಹೇಳು' ಎನ್ನುವುದಿಲ್ಲ ಅಮ್ಮಾ ಎಂದು. ಅವಳು ಬಹಳ ಹೊತ್ತು ಅತ್ತಳು. ಬರೆದ ಪದಕ್ಕೆ ದನಿ ಇಲ್ಲ, ಅವನು ಹೇಳಿದ ಹಾಗೇ ತಾನೇ ನಿನಗೆ ಹೇಳಬೇಕಂತೆ. ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ, ನಮ್ಮೂರ ಬಸ್ ನಿಲ್ದಾಣದ ನಲ್ಲಿಯ ಹತ್ತಿರ, ಇಬ್ಬರೂ ನಿಂತಿರುತ್ತೇವೆ.