ಬದಲಿ ಗಾರ್ಡ್‌ಗಳ ಪರೀಕ್ಷೆ

ಮಾರ್ಚ್ ೧೪, ಗುರುವಾರ.

ನಮ್ಮ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸಾಲಾಗಿ ಒಂಬತ್ತು ಸೋಲು. ಚೆಂಡು ಹಂಚಿ ಆಟ ನಡೆಸಬೇಕಾದ ಬದಲಿ ಪಾಯಿಂಟ್ ಗಾರ್ಡ್‌ಗಳಾದ ಕುಳ್ಳ, ಸೋಡಾಬುಡ್ಡಿ ಇಬ್ಬರಲ್ಲಿ ಒಬ್ಬನನ್ನು ನಾಳೆ ಕೈಬಿಡಬೇಕು. ಅಭ್ಯಾಸದಲ್ಲಿ ಇಬ್ಬರನ್ನೂ ಒಂದೇ ಗುಂಪಿನಲ್ಲಿ ಇಳಿಸಿ, "ಒಬ್ಬನೇ ಉಳಿಯೋದು, ಕೈಲಾದ್ದು ತೋರಿಸ್ರಪ್ಪಾ" ಎಂದೆ. ಕುಳ್ಳ ಸೋಡಾಬುಡ್ಡಿಗೆ ಚೆಂಡು ಕೊಟ್ಟ, ಸೋಡಾಬುಡ್ಡಿ ಕುಳ್ಳನಿಗೆ. ಹತ್ತು ನಿಮಿಷ ಇದೇ ಆಟ. ಬುಟ್ಟಿಗೆ ಎಸೆಯುವವರೇ ಇಲ್ಲ.

"ತಲೆ ಕೆಟ್ಟಿದೆಯೇನ್ರೋ?" ಎಂದು ಗದರಿದೆ.

"ಅವನೇ ಉಳೀಲಿ ಸರ್" ಎಂದ ಕುಳ್ಳ. ಸೋಡಾಬುಡ್ಡಿಯೂ ಅದನ್ನೇ ಅಂದ.

ಈ ವರ್ಷ ನನ್ನ ತಂಡದಲ್ಲಿ ಒಬ್ಬ ಇನ್ನೊಬ್ಬನಿಗೆ ಚೆಂಡು ಕೊಟ್ಟಿದ್ದನ್ನು ಕಂಡದ್ದು ಇವತ್ತೇ. ಇಬ್ಬರೂ ಇರಲಿ. ಹೋಗಬೇಕಾದವನು ಕೈಗೆ ಸಿಕ್ಕ ಚೆಂಡನ್ನು ಯಾರಿಗೂ ಕೊಡದ ನಮ್ಮ ಮುಖ್ಯ ಗಾರ್ಡ್.

ಅವನಿಗೆ ಹೇಳುವ ಧೈರ್ಯ ನನಗಿದೆ. ಅವನ ಅಕ್ಕನಿಗೆ ಹೇಳುವುದು ಹೇಗೆ? ಪಕ್ಕದಲ್ಲೇ ಮಲಗಿ, "ನನ್ನ ತಮ್ಮ ಚೆನ್ನಾಗಿ ಆಡಿದ ಅಂತಾನೂ ಬರ್ಕೊಳ್ರೀ" ಎನ್ನುತ್ತಿದ್ದಾಳೆ.