ಮುಂದಿನ ಸ್ನಾನದ ತಾರೀಖು

ಗುರುವಾರ, ಹದಿನಾಲ್ಕನೇ ತಾರೀಖು
ಮಧ್ಯಾಹ್ನ ಎರಡೂಕಾಲು

ಅಕ್ಕಾ,

ಮೊದಲು ನಿನಗೆ, ಆಮೇಲೆ ಭಾವನಿಗೆ, ಕೊನೆಗೆ ಪುಟ್ಟಿಯ ಎರಡೂ ಕೆನ್ನೆಗೆ ನಿನ್ನ ಬುಗುರಿಯ ಪ್ರೀತಿ.

ಮೊನ್ನೆ ನೀನು ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಿದ್ದೆಯಲ್ಲ, “ಪುಟ್ಟಿ ಹಟ ಮಾಡಿ ಒಂದು ನಾಯಿಮರಿ ತಂದಿದಾಳೆ ಕಣೋ, ಒಂದು ತಿಂಗಳೂ ಆಗಿಲ್ಲ. ಎಷ್ಟು ದಿನಕ್ಕೊಂದ್ಸಲ ಸ್ನಾನ ಮಾಡಿಸ್ಬೇಕು ಹೇಳು, ಈಗ ನೀನೇ ಅಲ್ವಾ ದೊಡ್ಡ ಸ್ನಾನದ ಮೇಷ್ಟ್ರು” ಅಂತ. ಅದನ್ನು ಮೂರು ಸಲ ಕೇಳಿದೆ. “ಈಗ್ಲೇ ನೀರು ಹಾಕ್ಬೇಡ” ಅಂತ ಒಂದೇ ಸಾಲು ಬರೆದು ಸುಮ್ಮನಾದೆ. ನಿನಗೆ ಕೋಪ ಬಂದಿರುತ್ತೆ. ಪೂರ್ತಿ ಉತ್ತರ ಇಲ್ಲಿದೆ.

ಎರಡು ತಿಂಗಳು ತುಂಬುವ ತನಕ ಸ್ನಾನವೇ ಬೇಡ. ಗಲೀಜಾದರೆ ಬಿಸಿನೀರಲ್ಲಿ ಬಟ್ಟೆ ಅದ್ದಿ, ಹಿಂಡಿ, ಒರೆಸು. ದೊಡ್ಡದಾದ ಮೇಲೆ ತಿಂಗಳಿಗೊಂದು ಸಲ ಸಾಕು. ಕೆಸರಲ್ಲಿ ಹೊರಳಾಡಿ ಬಂದರೆ ಮಾತ್ರ ಲೆಕ್ಕ ಬೇರೆ. ನಮ್ಮ ಮೈಸೋಪು ಹಚ್ಚಬೇಡ. ಕಿವಿಯೊಳಗೆ ನೀರು ಬಿಡಬೇಡ. ಆಮೇಲೆ ಒರೆಸು. ಮೇಲೆ ಮೇಲೆ ಅಲ್ಲ, ಕೂದಲಿನ ಬುಡದ ತನಕ. ಒರೆಸುವುದರ ಬಗ್ಗೆ ಇನ್ನೊಂದು ಮಾತಿದೆ, ಕೊನೆಯಲ್ಲಿ ಹೇಳುತ್ತೇನೆ.

ಇವತ್ತು ಐದು ಗಂಟೆ ಬಸ್ಸಿಗೆ ನಿಮ್ಮ ಮನೆಗೆ ಹೊರಟಿದ್ದೇನೆ. ಸುಮ್ಮನೆ. ರಜೆ ಇದೆ ಅಂತ. ಈ ಕಾಗದ ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ನಾನು ಹಿತ್ತಿಲಿಗೆ ಹೋದಮೇಲೆ ಓದು.

ರಜೆ ಏನೂ ಇಲ್ಲ ಅಕ್ಕಾ. ಬಾಯಲ್ಲಿ ಆಗಿದ್ದರೆ ಈ ಸುಳ್ಳು ಹಾಗೇ ಓಡಿಕೊಂಡು ಹೋಗುತ್ತಿತ್ತು. ನನ್ನ ನಾಲಿಗೆ ಎಷ್ಟು ಚುರುಕು ಅಂತ ನಿನಗೆ ಗೊತ್ತು. ಕೈ ನಿಧಾನ. ಹತ್ತನೇ ಕ್ಲಾಸಾದ ಮೇಲೆ ಇಷ್ಟುದ್ದ ಬರೆದದ್ದೇ ಇಲ್ಲ. ಬರೆಯುವಾಗ ಸುಳ್ಳಿಗೂ ಕಾಲು ನೋಯುತ್ತೆ, ಅಲ್ಲೇ ಕೂತುಬಿಡುತ್ತೆ. ಅದಕ್ಕೇ ಕಾಗದ.

ನಾಯಿ ಬೆಕ್ಕುಗಳಿಗೆ ಸ್ನಾನ ಮಾಡಿಸುವ ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತಿದ್ದೇನೆ. ಮೇಲೆ ಹಗ್ಗದಲ್ಲಿ ಹದಿನಾರು ಟವೆಲ್ ಒಣಗುತ್ತಿವೆ. ಕಿಟಕಿಯ ಎದುರಿಗೆ ರಸ್ತೆ, ಆಚೆ ಕಡೆ ಪ್ರಾಣಿಗಳ ಡಾಕ್ಟರಮ್ಮನ ಕ್ಲಿನಿಕ್ಕು, ಅದಕ್ಕೆ ಹಸಿರು ಬಾಗಿಲು. ಆ ಬಾಗಿಲು ತೆರೆದಾಗಲೆಲ್ಲ ಪೆನ್ನು ಕೆಳಗಿಟ್ಟು ಯಾರು ಬಂದರು ಅಂತ ನೋಡುತ್ತೇನೆ. ಬರೆಯೋಕೆ ಕೂತಮೇಲೆ ನಾಲ್ಕು ಸಲ ತೆರೆದಿದೆ.

ಆ ಕ್ಲಿನಿಕ್ಕಿನ ಒಳಗೆ ಒಂದು ಬೆಕ್ಕು ನಡುಗುತ್ತಾ ಮಲಗಿದೆ. ಬಿಳಿ ಬೆಕ್ಕು. ಅದನ್ನು ಸಾಕಿದವರು ಪಕ್ಕದ ಬೀದಿಯ ಟೈಲರ್ ಆಂಟಿ. ಗಂಡ ಇಲ್ಲ, ಮಕ್ಕಳಿಲ್ಲ. ಹೊಲಿಗೆ ಮಿಷನ್ನು, ಈ ಬೆಕ್ಕು, ಅಷ್ಟೇ ಅವರ ಸಂಸಾರ. ನೂಲುಂಡೆಯ ಹಾಗೆ ಸುತ್ತಿಕೊಂಡು ಮಲಗುತ್ತೆ ಅಂತ ಅದಕ್ಕೆ ಉಂಡೆ ಅಂತಲೇ ಹೆಸರು.

ನಾನು ಏಳು ಕೆಲಸ ಬಿಟ್ಟವನು. ಎಲ್ಲೂ ನಿಲ್ಲದ ಬುಗುರಿ ಅಂತ ನೀವೆಲ್ಲ ನಗುತ್ತಿದ್ದಿರಿ. ಇಲ್ಲಿ ಹನ್ನೊಂದು ತಿಂಗಳು ನಿಂತೆ. ಯಾಕೆ ಗೊತ್ತಾ? ನನ್ನ ಕೈಗೆ ಬಂದರೆ ಪ್ರಾಣಿಗಳು ಸುಮ್ಮನಾಗುತ್ತವೆ. ಹಲ್ಲು ತೋರಿಸುವ ನಾಯಿ ಕೂಡ ಗಲ್ಲ ನನ್ನ ಮೊಣಕೈ ಮೇಲಿಟ್ಟು ನಿಂತುಬಿಡುತ್ತೆ. ಉಂಡೆಯಂತೂ ಸ್ನಾನದ ತೊಟ್ಟಿಯಲ್ಲಿ ಉಗುರು ಒಳಗೆಳೆದುಕೊಂಡು ನನ್ನ ಮುಖವನ್ನೇ ನೋಡುತ್ತಿತ್ತು. ನನ್ನನ್ನು ಹಾಗೆ ನಂಬಿದವರು ಕಡಿಮೆ.

ಆದರೆ ಬೆಕ್ಕಿಗೆ ಸ್ನಾನವೇ ಬೇಕಿಲ್ಲ ಅಕ್ಕಾ. ಅದು ದಿನವಿಡೀ ತನ್ನ ಮೈ ತಾನೇ ನೆಕ್ಕಿ ತೊಳೆದುಕೊಳ್ಳುತ್ತೆ. ಎಣ್ಣೆಯೋ ಬಣ್ಣವೋ ಮೆತ್ತಿಕೊಂಡರೆ, ಕಾಯಿಲೆ ಬಿದ್ದು ನೆಕ್ಕೋಕಾಗದಿದ್ದರೆ, ಆಗ ನಾವು. ಇದನ್ನು ಡಾಕ್ಟರಮ್ಮನೇ ನನಗೆ ಹೇಳಿದ್ದರು. ಅಂಗಡಿಯಲ್ಲಿ ಮಾತ್ರ ಬೇರೆ ಪಾಠ. ಟೈಲರ್ ಆಂಟಿ ಮೊದಲ ಸಲ ಬಂದು, “ಎಷ್ಟು ದಿನಕ್ಕೊಂದ್ಸಲ ಕರ್ಕೊಂಡು ಬರ್ಲಪ್ಪಾ?” ಅಂತ ಕೇಳಿದರು. ಹಿಂದಿನಿಂದ ಅಂಗಡಿ ಯಜಮಾನರು, “ವಾರಕ್ಕೊಂದ್ಸಲ ಅಮ್ಮಾ, ತಪ್ಪಿಸ್ಬೇಡಿ” ಅಂದರು. ಆಂಟಿ ಹೋದಮೇಲೆ ನನಗೆ, “ಬೇಡ ಬೇಡ ಅಂತ ಕಳಿಸೋಕೆ ನೀನೇನು ಅವುಗಳ ಸೋದರಮಾವನಾ?” ಅಂತ ನಕ್ಕರು. ನಾನೂ ನಕ್ಕೆ.

ನಮ್ಮಲ್ಲಿ ಪ್ರತಿ ಪ್ರಾಣಿಗೂ ಒಂದು ಕಾರ್ಡು. ಸ್ನಾನದ ತಾರೀಖು, ಯಾವ ಬಾಟಲಿ ಹಾಕಿದ್ದು, ಮುಂದಿನ ಸ್ನಾನದ ತಾರೀಖು. ಬಾಟಲಿಯ ಹೆಸರು ಬರೆಯುವುದಿಲ್ಲ, ಮುಚ್ಚಳದ ಬಣ್ಣ ಬರೆಯುತ್ತೇವೆ. ಹಸಿರು ಅಂದರೆ ನಾಯಿಯದು. ಬಿಳಿ ಅಂದರೆ ಬೆಕ್ಕಿನದು. ಕೆಂಪು ಅಂದರೆ ಉಣ್ಣೆಹುಳ ಬಿದ್ದ ನಾಯಿಗೆ ಹಾಕುವ ಔಷಧಿ. ಉಂಡೆಯ ಕಾರ್ಡಿನಲ್ಲಿ ಹೋದ ವಾರದ ತನಕ ಹದಿನೇಳು ಸಲ ಬಿಳಿ, ಬಿಳಿ, ಬಿಳಿ. ಎಲ್ಲ ನನ್ನ ಅಕ್ಷರ.

ವಾರವಾರ ತೊಳೆದು ತೊಳೆದು ಅದರ ಚರ್ಮ ಒಣಗಿಹೋಯಿತು. ಹೊಟ್ಟು ಉದುರತೊಡಗಿತು. ಕೆರೆದುಕೊಂಡು ಕತ್ತು ಗಾಯ ಮಾಡಿಕೊಂಡಿತು. ಆಂಟಿ ಹೆದರಿ, “ಏನೋ ಹುಳ ಬಿದ್ದಿದೆ ಕಣಪ್ಪಾ, ಬಟ್ಟೆ ಹೊಲಿಯೋಕೂ ಮನಸ್ಸಿಲ್ಲ, ಏನಾದ್ರೂ ಮಾಡು” ಅಂದರು. ತೊಳೆದದ್ದೇ ಹೆಚ್ಚಾಯಿತು ಅಂತ ನನಗೆ ಗೊತ್ತಿತ್ತು. ಹಾಗಂದರೆ ಹದಿನೇಳು ವಾರ ಸುಮ್ಮನೆ ಯಾಕೆ ತೊಳೆದೆ ಅಂತ ಕೇಳುತ್ತಾರಲ್ಲ. ಅದಕ್ಕೆ, “ಒಂದು ಒಳ್ಳೆ ಔಷಧಿ ಇದೆ ಆಂಟಿ, ನಾನು ನೋಡ್ಕೋತೀನಿ” ಅಂದೆ.

ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಅದಕ್ಕೆ ಕೆಂಪು ಮುಚ್ಚಳದ್ದು ಹಾಕಿದೆ.

ಬರೆದುಬಿಟ್ಟೆ. ಒಂದೇ ಸಾಲು. ಇಷ್ಟು ಹೊತ್ತು ಇದರ ಸುತ್ತಲೇ ತಿರುಗುತ್ತಿದ್ದೆ.

ಬಾಟಲಿಯ ಮೇಲೆ ನಾಯಿಗೆ ಮಾತ್ರ ಅಂತ ಇದೆ. ಓದಿದ್ದೇನೆ. ನಾಯಿಗೆ ಆಗುವುದು ಬೆಕ್ಕಿಗೂ ಸ್ವಲ್ಪ ಆಗಬಹುದು, ಅರ್ಧ ಮುಚ್ಚಳ ತಾನೇ ಅಂದುಕೊಂಡೆ. ಹತ್ತು ನಿಮಿಷ ಮೈಮೇಲೆ ಬಿಟ್ಟೆ. ಅದು ನಡುಗಿತು. ನೀರಿಗೆ ಬೆಕ್ಕು ನಡುಗುವುದು ಇದ್ದದ್ದೇ ಅಂತ ಟವೆಲ್ ಸುತ್ತಿದೆ. ಯಜಮಾನರ ಕಣ್ಣಿಗೆ ಬೀಳಬಾರದು ಅಂತ ಕಾರ್ಡಿನಲ್ಲಿ ಮತ್ತೆ ಬಿಳಿ ಅಂತ ಬರೆದೆ.

ಇವತ್ತು ಬೆಳಿಗ್ಗೆ ಆಂಟಿ ಚಪ್ಪಲಿ ಇಲ್ಲದೆ ಓಡಿಬಂದರು. ಅಳತೆ ಟೇಪು ಇನ್ನೂ ಕತ್ತಿನಲ್ಲೇ ಇತ್ತು. ಉಂಡೆಯ ಕಿವಿ ಪಟಪಟ ಅಂತಿತ್ತು, ಮೀಸೆ ಅದುರುತ್ತಿತ್ತು, ಮಲಗಿದಲ್ಲೇ ನಾಲ್ಕೂ ಕಾಲು ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತಿದ್ದವು. ನಾನೇ ಎತ್ತಿಕೊಂಡು ರಸ್ತೆ ದಾಟಿದೆ. ನನ್ನ ಎದೆಗೆ ಅದರ ನಡುಕ ಹತ್ತಿತು ಅಕ್ಕಾ.

ಡಾಕ್ಟರಮ್ಮ ಸೂಜಿ ಚುಚ್ಚುತ್ತಾ ನನ್ನನ್ನೇ ಕೇಳಿದರು, “ಮೈಗೆ ಏನು ಹಾಕಿದ್ದೆ? ಯೋಚ್ನೆ ಮಾಡಿ ಹೇಳು.” ನಾನು ಕಾರ್ಡು ತೋರಿಸಿದೆ. “ಯಾವಾಗ್ಲೂ ಹಾಕೋದೇ ಮೇಡಂ, ಬಿಳಿ.” ಅವರು ನಂಬಿದರು. “ಹಾಗಾದ್ರೆ ಏನೋ ತಿಂದಿದೆ. ಯಾವ ವಿಷ ಅಂತ ಗೊತ್ತಾದ್ರೆ ಅರ್ಧ ಕೆಲಸ ಆದ ಹಾಗೆ. ಈಗ ನಾನು ಕಣ್ಣು ಕಟ್ಕೊಂಡು ಮಾಡ್ಬೇಕು” ಅಂದರು.

ತಿಂದಿದೆ ಅಂದ ತಕ್ಷಣ ಆಂಟಿಗೆ ತಮ್ಮ ಕೆಳಮನೆಯ ಬಡಗಿಯ ನೆನಪಾಯಿತು. ಅವನಿಗೂ ಉಂಡೆಗೂ ದಿನಾ ಜಗಳ. ತಮ್ಮ ಬೀದಿಗೆ ಓಡಿಹೋಗಿ ಅವನ ಬಾಗಿಲ ಮುಂದೆ ಕೂಗಿದರು, “ನಿನ್ನ ಕೈ ಸೇದಿಹೋಗ! ಮೂಕಪ್ರಾಣಿಗೆ ಪಾಷಾಣ ಹಾಕ್ದೆಯಲ್ಲೋ!” ಅವನು ಉಳಿ ಕೆಳಗಿಟ್ಟು ಎದ್ದು ಬಂದ. “ಅಮ್ಮಾ, ಅದು ನನ್ನ ಮರದ ಪುಡಿಯಲ್ಲಿ ಉಚ್ಚೆ ಹೊಯ್ದಾಗ ಬೈದಿದೀನಿ, ಇಲ್ಲ ಅನ್ನಲ್ಲ. ವಿಷ ಹಾಕೋ ಕೈ ಅಲ್ಲ ಇದು” ಅಂದ. ಯಾರೂ ಕೇಳಲಿಲ್ಲ. ಆದರೂ ಡಾಕ್ಟರಮ್ಮ ಬರೆದುಕೊಟ್ಟ ಔಷಧಿಯನ್ನು ಸೈಕಲ್ಲಿನಲ್ಲಿ ಹೋಗಿ ತಂದವನು ಅವನೇ. ಈಗ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತಿದ್ದಾನೆ. ಕಿಟಕಿಯಿಂದ ಅವನ ಬೆನ್ನು ಕಾಣುತ್ತಿದೆ.

ಯಜಮಾನರು ಊಟಕ್ಕೆ ಹೋಗುವ ಮುಂಚೆ ನನ್ನ ಮುಖ ನೋಡಿ, “ಕಾರ್ಡಲ್ಲಿ ಬಿಳಿ ಅಂತಾನೇ ಇದೆ ತಾನೇ?” ಅಂದರು. ಹೌದು ಅಂದೆ. “ಮತ್ತೆ ಯಾಕೋ ಹೀಗೆ ಬೆವರ್ತೀಯ? ಬಿಡು.” ಅವರು ಅದಕ್ಕಿಂತ ಹೆಚ್ಚು ಕೇಳಲಿಲ್ಲ ಅಂತ ಸಮಾಧಾನ ಆಗಬೇಕಿತ್ತು. ಭಯವೇ ಹೆಚ್ಚಾಯಿತು.

ಬ್ಯಾಗು ಬೆಂಚಿನ ಕೆಳಗೆ ರೆಡಿ ಇದೆ.

ಈಗ ಒರೆಸುವ ಮಾತು. ನಮ್ಮ ಕಡಲೆ ನೆನಪಿದೆಯಾ? ನನಗೆ ಏಳು, ನಿನಗೆ ಹನ್ನೊಂದು. ಆ ಕಂದು ನಾಯಿಮರಿ ನಿನ್ನ ಅಂಗೈಯಲ್ಲಿ ಹಿಡಿಸುತ್ತಿತ್ತು. ಅಮ್ಮ, “ನಾತ ಹೊಡೆಯುತ್ತೆ, ಮನೆ ಒಳಗೆ ತಂದ್ರೆ ನೋಡಿ” ಅಂದಿದ್ದಳು. ನೀನು ಅದನ್ನು ಹಿತ್ತಿಲಿನ ಸೌದೆ ಕೋಣೆಯಲ್ಲಿ ಗೋಣಿಚೀಲದ ಮೇಲೆ ಮಲಗಿಸಿದ್ದೆ. ಬೆಳಿಗ್ಗೆ ನೋಡಿದಾಗ ಬಾಗಿಲು ತೆರೆದಿತ್ತು, ಕಡಲೆ ಮರಗಟ್ಟಿತ್ತು. “ಚಿಲಕ ಹಾಕ್ಲಿಲ್ಲ ನೀನು, ಚಳಿಗಾಳಿ ತಿಂದು ಸತ್ತಿದೆ” ಅಂತ ಅಪ್ಪ ನಿನಗೆ ಹೊಡೆದರು. ಎರಡು ದಿನ ನೀನು ಊಟ ಮಾಡಲಿಲ್ಲ.

ಗಾಳಿ ಅಲ್ಲ ಅಕ್ಕಾ. ಹಿಂದಿನ ದಿನ ಸಂಜೆ, ನೀನು ಅದನ್ನು ಮಲಗಿಸಿ ಹಾಲು ತರಲು ಹೋಗಿದ್ದಾಗ, ನಾನು ಅದನ್ನು ನಲ್ಲಿ ಕೆಳಗೆ ಹಿಡಿದು ಬಟ್ಟೆ ಸೋಪು ಹಚ್ಚಿ ತೊಳೆದಿದ್ದೆ. ನಾತ ಹೋದರೆ ಅಮ್ಮ ಒಳಗೆ ಬಿಡುತ್ತಾಳೆ ಅಂತ. ತಣ್ಣೀರು. ಒರೆಸಲಿಲ್ಲ. ಒದ್ದೆ ಮೈಯಲ್ಲೇ ಗೋಣಿಚೀಲದೊಳಗೆ ತುರುಕಿ ಓಡಿದೆ. ಆ ಬಾಗಿಲು ತೆರೆದಿಟ್ಟವನೂ ನಾನೇ. ನೀನು ಚಿಲಕ ಹಾಕಿಯೇ ಹೋಗಿದ್ದೆ, ಹಾಲು ತರುವಷ್ಟರಲ್ಲಿ ಕತ್ತಲಾಗಿ ಅಮ್ಮ ನಿನ್ನನ್ನು ಮತ್ತೆ ಹಿತ್ತಿಲಿಗೆ ಬಿಡಲಿಲ್ಲ. ಅಪ್ಪನ ಕೈಯಲ್ಲಿ ಕೋಲು ನೋಡಿ ನನ್ನ ನಾಲಿಗೆ ಒಳಗೆ ಹೋಯಿತು. ಆಮೇಲೆ ಹೊರಗೆ ಬರಲೇ ಇಲ್ಲ.

ಇವತ್ತಿಗೂ ನೀನು ಮಲಗುವ ಮುಂಚೆ ಚಿಲಕ ಎರಡೆರಡು ಸಲ ಮುಟ್ಟಿ ನೋಡುತ್ತೀಯ. ಭಾವ, “ನಮ್ಮನೆ ಬ್ಯಾಂಕ್ ಕಣೇ” ಅಂತ ನಗುತ್ತಾರೆ. ನಾನು ಪಕ್ಕದಲ್ಲೇ ಕೂತು ನಕ್ಕಿದ್ದೇನೆ.

ಬಸ್ಸಿಗೆ ಹೊತ್ತಾಯಿತು. ಹಸಿರು ಬಾಗಿಲು ದಾಟಿಕೊಂಡೇ ಹೋಗಬೇಕು, ಬೇರೆ ದಾರಿ ಇಲ್ಲ. ತಲೆ ತಗ್ಗಿಸಿ ಹೋಗುತ್ತೇನೆ. ಮನೆಗೆ ಬಂದಾಗ ಬೈಯಿ, ಬಾಗಿಲು ಮಾತ್ರ ಹಾಕಬೇಡ.

ನಿನ್ನ ತಪ್ಪಿತಸ್ಥ ತಮ್ಮ,
ಬುಗುರಿ

ಇನ್ನೂ ಒಂದು ಮಾತು. ಈಗ ಆರು ಗಂಟೆ. ಬಸ್ಸು ಹೋಯಿತು, ಈ ಕಾಗದ ಅಂಚೆಯಲ್ಲಿ ಬರುತ್ತೆ. ಬ್ಯಾಗು ಹಿಡಿದು ಮೆಟ್ಟಿಲ ಹತ್ತಿರ ಬಂದಾಗ ಬಡಗಿ ಸರಿದು ದಾರಿ ಬಿಟ್ಟ. “ಊರಿಗಾ? ಹೋಗ್ಬಾ” ಅಂದ. ಆಮೇಲೆ ತನ್ನ ಅಂಗೈ ನೋಡಿಕೊಳ್ಳುತ್ತಾ, “ನಿನ್ನೆ ವಾರ್ನಿಶ್ ಡಬ್ಬಿ ಮುಚ್ಚಿದ್ನೋ ಇಲ್ವೋ ಅಂತಾನೇ ಯೋಚ್ನೆ ಮಾಡ್ತಿದೀನಿ. ನಾನೇ ತೆರೆದಿಟ್ಟಿದ್ನೋ ಏನೋ” ಅಂದ. ಡಬ್ಬಿ ಮುಚ್ಚಿದವನು ಕೂಡ ತನ್ನ ಮೇಲೇ ಅನುಮಾನ ಪಡುವ ಹಾಗೆ ಆಗಿಬಿಡುತ್ತಾನಲ್ಲ ಅಕ್ಕಾ. ನನಗೆ ನಿನ್ನ ಮುಖವೇ ಕಂಡಿತು. ಒಳಗೆ ಹೋಗಿ, ಎಲ್ಲರ ಎದುರಿಗೆ, ಕಾರ್ಡಿನಲ್ಲಿ ಬಿಳಿ ಹೊಡೆದುಹಾಕಿ ಕೆಂಪು ಅಂತ ಬರೆದು ಡಾಕ್ಟರಮ್ಮನ ಕೈಗೆ ಕೊಟ್ಟೆ. ಅವರು ಬೈಯಲಿಲ್ಲ, ಅದೇ ಹೆದರಿಕೆಯಾಯಿತು. “ಅದಿನ್ನೂ ಮೈಮೇಲಿದೆ, ಈಗ್ಲೇ ತೊಳೀಬೇಕು. ಬಾ, ನಿನ್ನ ಕೈಗೆ ಅದು ಗಾಬರಿಯಾಗಲ್ಲ” ಅಂದರು. ಉಗುರುಬೆಚ್ಚನೆ ನೀರು, ಪಾತ್ರೆ ತೊಳೆಯುವ ಸೋಪು. ಟೈಲರ್ ಆಂಟಿ ಗೋಡೆಗೆ ಒರಗಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು. ಬಡಗಿ ಟವೆಲ್ ಹಿಡಿದಿದ್ದ. ಬುಡದ ತನಕ ಒರೆಸಿದೆ. ನಡುಕ ನಿಂತಿಲ್ಲ, ನಾಳೆ ಬೆಳಿಗ್ಗೆ ತನಕ ಏನೂ ಹೇಳೋಕಾಗಲ್ಲವಂತೆ. ಎರಡು ನಡುಕದ ನಡುವೆ ಮೊದಲು ಹತ್ತು ಎಣಿಸುತ್ತಿದ್ದೆ, ಈಗ ಮೂವತ್ತು ಎಣಿಸುತ್ತಿದ್ದೇನೆ. ಕಾರ್ಡಿನಲ್ಲಿ ಮುಂದಿನ ಸ್ನಾನದ ತಾರೀಖು ಅನ್ನುವ ಕಡೆ ಡಾಕ್ಟರಮ್ಮ ಒಂದು ಉದ್ದ ಗೆರೆ ಎಳೆದಿದ್ದಾರೆ. ನೀನು ಇವತ್ತಿನಿಂದ ಚಿಲಕ ಒಂದೇ ಸಲ ನೋಡು.